ಡ್ರೆಸ್ಸಿಂಗ್ ಬಿಚ್ಚಿದ್ಮೇಲೆ ಆ ಹಳೇ ಗಾಜ್ ಬಟ್ಟೆ ಪೀಸ್ ಒಂದ್ಸಲ ನೋಡಿ

ಎಲ್ರಿಗೂ ನಮಸ್ಕಾರ. ಊಟ ಆದ್ಮೇಲಿನ ಕ್ಲಾಸು, ಕಣ್ಣು ಎಳೆಯುತ್ತೆ ಅಂತ ಗೊತ್ತು, ಅದಕ್ಕೇ ಲೈಟ್ ಆಫ್ ಮಾಡೋ ಪ್ರೊಜೆಕ್ಟರ್ ಬೇಡ ಅಂದೆ. ಇವತ್ತು ಮಾತಾಡೋದು ಶುಗರ್ ಇರೋರ ಪಾದದ ಹುಣ್ಣಿನ ಬಗ್ಗೆ.

ಬೆಳಗ್ಗೆ ಸರ್ಜಿಕಲ್ ವಾರ್ಡಲ್ಲಿ ಟ್ರಾಲಿ ತಳ್ಕೊಂಡು ಹೋಗಿ ನಾವು ಮಾಡೋದೇನು? ಬಿಚ್ಚೋದು, ಬೀಟಾಡಿನ್ ಸುರಿಯೋದು, ಗಾಜ್ ಇಡೋದು, ರೋಲರ್ ಬ್ಯಾಂಡೇಜ್ ಸುತ್ತೋದು, ಕೇಸ್ ಶೀಟಲ್ಲಿ "ಡ್ರೆಸ್ಸಿಂಗ್ ಡನ್" ಅಂತ ಬರೆದು ಮುಂದಿನ ಬೆಡ್ಡಿಗೆ ಹೋಗೋದು. ನೈಟ್ ಡ್ಯೂಟಿ ಸಿಸ್ಟರ್ ಅದನ್ನ ಓದಿ ಹುಣ್ಣು ದೊಡ್ಡದಾಗ್ತಿದ್ಯೋ ಚಿಕ್ಕದಾಗ್ತಿದ್ಯೋ ಹೇಗೆ ಹೇಳ್ಬೇಕು? ಡ್ರೆಸ್ಸಿಂಗ್ ಯಾವ್ದು ಹಾಕ್ಬೇಕು ಅನ್ನೋದು ಆಮೇಲಿನ ಮಾತು ಕಣ್ರಿ, ಮೊದಲು ನೋಡ್ಬೇಕು.

ಬಿಚ್ಚಿದ ಗಾಜ್ ಪೀಸನ್ನ ಸೀದಾ ಹಳದಿ ಬಕೆಟ್ಟಿಗೆ ಹಾಕೋಕೆ ಮುಂಚೆ ತಿರುಗಿಸಿ ನೋಡಿ. ಪೂರ್ತಿ ಒದ್ದೆಯಾಗಿ ಬ್ಯಾಂಡೇಜ್ ಹೊರಗಡೆವರೆಗೂ ಬಂದಿದ್ರೆ ಹುಣ್ಣು ಸೋರೋದು ಜಾಸ್ತಿ ಅಂತ. ಒಣಗಿ ಅಂಟ್ಕೊಂಡು, ಎಳೆದಾಗ ಅದರ ಅಡಿಯಲ್ಲಿ ಸಣ್ಣಸಣ್ಣ ರಕ್ತದ ಚುಕ್ಕೆ ಬಂದಿದ್ರೆ? ಅದು ಕೊಳಕಲ್ಲ, ಹೊಸದಾಗಿ ಹುಟ್ಟಿದ್ದ ರಕ್ತನಾಳದ ಕುಡಿಗಳು, ನಾವೇ ಕಿತ್ತಿರೋದು. ಪೇಷೆಂಟಿಗೆ ನೋವಿಲ್ಲ, ಶುಗರಿಂದ ನರ ಜೋಮು ಹಿಡಿದಿರುತ್ತೆ, ಅವರು ಅಯ್ಯೋ ಅನ್ನಲ್ಲ, ಅದಕ್ಕೆ ನಮಗೂ ಗೊತ್ತಾಗಲ್ಲ. ನಾರ್ಮಲ್ ಸಲೈನ್, ಅಂದ್ರೆ ಸ್ಟೆರೈಲ್ ಉಪ್ಪುನೀರು, ಹಾಕಿ ಎರಡು ನಿಮಿಷ ನೆನೆಸಿ, ಆಮೇಲೆ ತೆಗೀರಿ, ಅಷ್ಟೇ.

"ಗಾಳಿ ಆಡ್ಲಿ ಬಿಡಿ ಸಿಸ್ಟರ್, ಒಣಗ್ಲಿ" ಅಂತಾರಲ್ಲ ಮನೆಯವರು, ನಮ್ಮಲ್ಲೂ ಅರ್ಧ ಜನ ಹಾಗೇ ನಂಬಿದ್ದೀವಿ. 1962ರಲ್ಲಿ ಲಂಡನ್ನಿನ ಜಾರ್ಜ್ ವಿಂಟರ್ ಅನ್ನೋರು ಹಂದಿ ಮೈಮೇಲೆ ಮೇಲುಮೇಲಿನ ಗಾಯ ಮಾಡಿ, ಕೆಲವಕ್ಕೆ ಪಾಲಿಥಿನ್ ಹಾಳೆ ಮುಚ್ಚಿ, ಕೆಲವನ್ನ ಹಕ್ಕಳೆ ಕಟ್ಟೋಕೆ ಬಿಟ್ಟು ನೋಡಿದ್ರು, ಮುಚ್ಚಿದ ಗಾಯದ ಮೇಲೆ ಚರ್ಮ ಹೆಚ್ಚುಕಮ್ಮಿ ಎರಡರಷ್ಟು ಬೇಗ ಬಂತು. ಹೊಸ ಚರ್ಮದ ಜೀವಕೋಶ ತೇವದ ಮೇಲೆ ಸರಾಗವಾಗಿ ಸರಿಯುತ್ತೆ, ಹಕ್ಕಳೆ ಇದ್ರೆ ಅದರ ಕೆಳಗೆ ದಾರಿ ಮಾಡ್ಕೊಂಡು ಹೋಗ್ಬೇಕು.

ರಕ್ತ ಹೆಪ್ಪುಗಟ್ಟೋದು, ಊತ, ಹೊಸ ಮಾಂಸ ತುಂಬೋದು, ಆಮೇಲೆ ಕಲೆ ಗಟ್ಟಿಯಾಗೋದು, ಈ ನಾಲ್ಕು ಹಂತ ನೀವು ಫಸ್ಟ್ ಇಯರಲ್ಲೇ ಬಾಯಿಪಾಠ ಮಾಡಿದ್ದೀರಿ, ಮತ್ತೆ ಹೇಳಲ್ಲ. ಶುಗರ್ ಹುಣ್ಣು ಎರಡನೇ ಹಂತದಲ್ಲೇ ಸಿಕ್ಕಾಕೊಂಡು ಕೂತಿರುತ್ತೆ, ಅದಷ್ಟು ನೆನಪಿರ್ಲಿ.

ಈಗ ಅಳತೆ. ಪೇಪರ್ ಸ್ಕೇಲಲ್ಲಿ ಉದ್ದ, ಅಡ್ಡ. ಸ್ಟೆರೈಲ್ ಸ್ವ್ಯಾಬ್ ಸ್ಟಿಕ್ ಮೆತ್ತಗೆ ಇಳಿಸಿ, ಚರ್ಮದ ಮಟ್ಟಕ್ಕೆ ಬೆರಳಲ್ಲಿ ಹಿಡ್ಕೊಂಡು ತೆಗೆದು ಸ್ಕೇಲಿಗಿಟ್ರೆ ಆಳ. ಅಂಚಿನ ಕೆಳಗೆ ಕಡ್ಡಿ ಒಳಗೆ ನುಗ್ಗಿದ್ರೆ ಯಾವ ಕಡೆ ಅಂತ ಗಡಿಯಾರದ ಲೆಕ್ಕದಲ್ಲಿ ಬರೀರಿ, ಪಾದದಲ್ಲಿ ಹಿಮ್ಮಡಿ ಕಡೆ 12 ಅಂತ ಇಟ್ಕೊಳ್ಳಿ. ಆಳದಲ್ಲಿ ಗಟ್ಟಿಯಾಗಿ ಟಕ್ ಅಂತ ಏನಾದ್ರೂ ತಾಗ್ತಾ? ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ಹೇಳಿ, ಎಲುಬಿಗೆ ಸೋಂಕು ಹೋಗಿರಬಹುದು. ತಳದ ಬಣ್ಣ ಬರೀರಿ: ಕೆಂಪು ಎಷ್ಟು, ಹಳದಿ ಲೋಳೆ ಎಷ್ಟು, ಕಪ್ಪು ಎಷ್ಟು. ವಾಸನೆ ಮಾತ್ರ ತೊಳೆದ ಮೇಲೆ ನೋಡಿ, ಹಳೇ ಡ್ರೆಸ್ಸಿಂಗ್ ಯಾವ್ದಾದ್ರೂ ನಾರುತ್ತೆ. ಪಾದದ ಮೇಲಿನ ನಾಡಿ ಮುಟ್ಟಿ. ನಾಲ್ಕು ವಾರದಲ್ಲಿ ಹುಣ್ಣಿನ ವಿಸ್ತೀರ್ಣ ಅರ್ಧಕ್ಕೆ ಇಳೀಲಿಲ್ಲ ಅಂದ್ರೆ ಪ್ಲಾನ್ ಬದಲಾಯಿಸ್ಬೇಕು, ಮೊದಲ ದಿನದ ಅಳತೆನೇ ಬರೆದಿಲ್ಲ ಅಂದ್ರೆ ಅರ್ಧ ಯಾವ್ದು ಅಂತ ಯಾರಿಗೆ ಗೊತ್ತು?

ಇಷ್ಟು ನೋಡಿದ್ರೆ ಡ್ರೆಸ್ಸಿಂಗ್ ಆಯ್ಕೆ ಸುಲಭ. ಜಾಸ್ತಿ ಸೋರ್ತಿದ್ಯಾ, ಆಲ್ಜಿನೇಟ್ ಅಥವಾ ಫೋಮ್. ಆಲ್ಜಿನೇಟ್ ಅಂದ್ರೆ ಸಮುದ್ರದ ಪಾಚಿಯಿಂದ ಮಾಡಿದ್ದು, ಹುಣ್ಣಿನ ನೀರು ಹೀರ್ಕೊಂಡು ಜೆಲ್ ಆಗುತ್ತೆ, ಒಣ ಹುಣ್ಣಿಗೆ ಹಾಕಿದ್ರೆ ಅಂಟ್ಕೊಂಡು ಕೂರುತ್ತೆ. ಒಣಗಿದ ಹಳದಿ ಲೋಳೆ ಇದ್ರೆ ಹೈಡ್ರೋಜೆಲ್, ಅಂದ್ರೆ ತೇವ ಕೊಡೋ ಜೆಲ್. ಕೆಂಪಗೆ ಚೆನ್ನಾಗಿದ್ರೆ ಅಂಟದೇ ಇರೋದು ಏನಾದ್ರೂ, ಪ್ಯಾರಾಫಿನ್ ಗಾಜ್ ಸಾಕು. ಸ್ಟೋರಲ್ಲಿ ಫೋಮ್ ಇಲ್ಲ, ಹೊರಗೆ ಬರೆದುಕೊಟ್ರೆ ದುಡ್ಡಿಲ್ಲ, ಇದೇ ನಮ್ಮ ದಿನನಿತ್ಯದ ಕಥೆ ಅಲ್ವಾ, ಪರವಾಗಿಲ್ಲ, ಸಲೈನಲ್ಲಿ ಅದ್ದಿ ಹಿಂಡಿದ ಗಾಜ್ ಬಟ್ಟೆನ ಸಡಿಲವಾಗಿ ಇಟ್ಟು, ಒಣಗೋಕೆ ಮುಂಚೆ ಬದಲಾಯಿಸಿದ್ರೂ ನಡೆಯುತ್ತೆ. ಗಿಡಿದು ತುಂಬ್ಬೇಡಿ. ಬೀಟಾಡಿನ್, ಹೈಡ್ರೋಜನ್ ಪೆರಾಕ್ಸೈಡ್ ದಿನಾ ಶುದ್ಧ ಕೆಂಪು ಹುಣ್ಣಿಗೆ ಸುರಿಯೋದು ಬಿಡಿ, ಕ್ರಿಮಿ ಜೊತೆಗೆ ಹೊಸ ಜೀವಕೋಶಕ್ಕೂ ಪೆಟ್ಟು.

ಒಂದು ಕಡೆ ಮಾತ್ರ ತೇವ ಬೇಡವೇ ಬೇಡ. ರಕ್ತ ಓಡಾಟ ಇಲ್ದೆ ಕಪ್ಪಗೆ ಒಣಗಿರೋ ಬೆರಳಿಗೆ ಜೆಲ್ ಹಾಕ್ಬಿಟ್ರೆ ಒಣ ಗ್ಯಾಂಗ್ರೀನ್ ಒದ್ದೆಯಾಗಿ ಸೋಂಕು ಹತ್ತುತ್ತೆ. ಒಣಗಿರಲಿ, ರಕ್ತನಾಳದ ಡಾಕ್ಟರ್, ವ್ಯಾಸ್ಕುಲರ್ ಸರ್ಜನ್, ನೋಡ್ಲಿ.

ಇನ್ನೊಂದು, ಎಷ್ಟು ಬೆಲೆಬಾಳೋ ಡ್ರೆಸ್ಸಿಂಗ್ ಹಾಕಿದ್ರೂ ಅದೇ ಕಾಲೂರಿ ಬಾತ್‌ರೂಮಿಗೆ ನಡ್ಕೊಂಡು ಹೋದ್ರೆ ಏನೂ ಪ್ರಯೋಜನ ಇಲ್ಲ. ಇದನ್ನ ಕಲಿಸಿದ್ದು ಪಕ್ಕದ ವೆಲ್ಲೂರು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜ್, ಸಿಎಂಸಿಯಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಪಾದ ನೋಡ್ತಾ, ಮಾಂಸ ತಾನಾಗೇ ಕೊಳೀತಿಲ್ಲ, ಸ್ಪರ್ಶ ಇಲ್ದೆ ಗಾಯದ ಮೇಲೇ ನಡೀತಿದ್ದಾರೆ ಅಂತ ಕಂಡ್ಕೊಂಡ್ರು, ಪಾದಕ್ಕೆ ಹೊಂದೋ ಹಾಗೆ ಪ್ಲಾಸ್ಟರ್ ಹಾಕಿದ್ರೆ ವರ್ಷಗಟ್ಟಲೆ ಇದ್ದ ಹುಣ್ಣುಗಳು ಮುಚ್ಚಿದ್ವು. 1966ರಲ್ಲಿ ಅವರು ಅಮೆರಿಕಕ್ಕೆ ಹೋದ್ಮೇಲೆ ಅದೇ ಪ್ಲಾಸ್ಟರ್ ಶುಗರ್ ಪೇಷೆಂಟ್‌ಗಳಿಗೂ ಬಂತು. ನಾವು ಬರೆದುಕೊಡೋ ಎಂಸಿಆರ್, ಅಂದ್ರೆ ಮೆತ್ತನೆ ರಬ್ಬರ್ ಚಪ್ಪಲಿ ಹಿಂದೆ ಇರೋದೂ ಅದೇ ಲೆಕ್ಕ, ಒಂದೇ ಜಾಗದ ಮೇಲೆ ಭಾರ ಬೀಳಬಾರದು ಅಂತ.

ಊಟದ ವಿಷ್ಯ. ಹುಣ್ಣು ಅಂದ ತಕ್ಷಣ ಮನೇಲಿ ಮೊಟ್ಟೆ, ಮೀನು, ಬದನೆಕಾಯಿ ಎಲ್ಲಾ ನಂಜು ಅಂತ ಬಿಡಿಸಿ ಬರೀ ಗಂಜಿ ಕೊಡ್ತಾರೆ. ಹೊಸ ಮಾಂಸ ಬೆಳೆಯೋಕೆ ಪ್ರೋಟೀನೇ ಬೇಕು, ಗಂಜಿಯಿಂದ ಶುಗರ್ ಏರುತ್ತೆ ಅಷ್ಟೇ. ಅಜ್ಜಿ ಹತ್ರ ಜಗಳಕ್ಕೆ ನಿಲ್ಬೇಡಿ, "ಆಯ್ತಮ್ಮ, ಬದನೆಕಾಯಿ ಬೇಡ, ಮೊಟ್ಟೆನಾದ್ರೂ ಕೊಡಿ" ಅಂತ ಕೇಳಿ, ಅದಕ್ಕೂ ಒಪ್ಪಲ್ವಾ, ಮೊಳಕೆ ಹೆಸರುಕಾಳು, ಮೊಸರು, ಗಟ್ಟಿ ಬೇಳೆ. ಕಿಡ್ನಿ ತೊಂದ್ರೆ ಇದ್ರೆ ಮಾತ್ರ ಎಷ್ಟು ಕೊಡ್ಬೇಕು ಅಂತ ಡಾಕ್ಟರನ್ನ ಕೇಳ್ಕೊಂಡು ಹೇಳಿ.

ಸರಿ, ಆ ಟ್ರೇ ಈ ಕಡೆ ಕೊಡಿ, ಗ್ಲೌಸ್ ಹಾಕ್ಕೊಳ್ಳಿ, ಮಾಡೆಲ್ ಕಾಲು ಇದೆ, ಆಳ ತೆಗೆಯೋದು ಒಬ್ಬೊಬ್ರೇ ಬಂದು ಮಾಡಿ ತೋರ್ಸಿ.