ನೀವೀಗ ಎಷ್ಟನೇ ಪುಟದಲ್ಲಿದ್ದೀರಿ?

ನಮಸ್ಕಾರ ಎಲ್ಲರಿಗೂ. ಇವತ್ತು ಬೇರೆ ವಿಷಯ ಮಾತಾಡಬೇಕು ಅಂತ ಬರೆದಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಕಳೆದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದ ಒಂದು ಸಾಲು ಮೂರು ದಿನದಿಂದ ತಲೆ ಕೊರೆಯುತ್ತಿದೆ.

ಕಳೆದ ವಾರ ನಾನು ಏನು ಹೇಳಿದ್ದೆ? ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದುತ್ತಿದ್ದೇನೆ, 212ನೇ ಪುಟದಲ್ಲಿದ್ದೇನೆ, ನಾಯಿಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಬಿಟ್ಟು ಬರೋಕೆ ಮನಸ್ಸಿಲ್ಲ, ನೀವೂ ತಗೊಂಡು ಓದಿ ಅಂದಿದ್ದೆ. ಅಷ್ಟೇ. ಅದಕ್ಕೆ ಬಂದ ಉತ್ತರ ಇದು: 'ಮೊದಲು ಪೂರ್ತಿ ಓದಿ ಮುಗಿಸಿ. ಅರ್ಧ ಓದಿದವರಿಗೆ ಪುಸ್ತಕ ಶಿಫಾರಸು ಮಾಡುವ ಹಕ್ಕಿಲ್ಲ.'

ಹಕ್ಕು! ಒಂದು ಪುಸ್ತಕ ಚೆನ್ನಾಗಿದೆ ಅನ್ನೋಕೆ ಹಕ್ಕುಪತ್ರ ಬೇಕಾ? ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡು ಬರಬೇಕಾ?

ನನ್ನ ಮಾತು ಒಂದೇ. ಓದುತ್ತಿರುವಾಗಲೇ ಹೇಳಿ. ಮುಗಿಯುವವರೆಗೆ ಕಾಯಬೇಡಿ. ಪುಸ್ತಕದ ಹೆಸರು ಹೇಳಿ, ಎಷ್ಟನೇ ಪುಟದಲ್ಲಿದ್ದೀರಿ ಅಂತ ಹೇಳಿ. ಸಾಕು.

ಸಿನಿಮಾಗೆ ಹೋಗುತ್ತೀರಿ. ಇಂಟರ್‌ವೆಲ್ ಬಿಡುತ್ತಾರೆ. ಕಾಫಿಗೆ ಸಾಲಲ್ಲಿ ನಿಂತುಕೊಂಡೇ ತಂಗಿಗೆ ಫೋನ್ ಮಾಡುತ್ತೀರಿ. 'ಸೂಪರ್ ಆಗಿದೆ ಕಣೇ, ನಾಳೆಯೇ ಹೋಗು.' ಆಗ ಯಾರಾದರೂ ಬಂದು, ಕ್ಲೈಮ್ಯಾಕ್ಸ್ ನೋಡಿ ಆಮೇಲೆ ಫೋನ್ ಮಾಡಿ ಅಂತ ತಡೆಯುತ್ತಾರಾ? ಪುಸ್ತಕಕ್ಕೆ ಮಾತ್ರ ಯಾಕೆ ಈ ಕಾನೂನು?

ಇನ್ನೊಂದು ಹೇಳುತ್ತೇನೆ. ಇದು ನಮ್ಮ ಮನೆಯಲ್ಲೇ ಕಂಡಿದ್ದು. ನಮ್ಮಲ್ಲಿ ಸುಧಾ, ತರಂಗ ಎರಡೂ ಬರುತ್ತಿದ್ದವು. ಸುಧಾ ಶುರುವಾಗಿದ್ದು 1965ರಲ್ಲಿ, ತರಂಗ 1983ರಲ್ಲಿ. ಎರಡರಲ್ಲೂ ಧಾರಾವಾಹಿ ಇರುತ್ತಿತ್ತು. ವಾರಕ್ಕೊಂದು ಕಂತು. ಪೇಪರ್ ಹುಡುಗ ಎಸೆದು ಹೋದ ತಕ್ಷಣ ಅಮ್ಮ ಒಲೆ ಸಣ್ಣ ಮಾಡಿ, ನಿಂತುಕೊಂಡೇ ಆ ಪುಟ ಓದಿ ಮುಗಿಸುತ್ತಿದ್ದರು. ಆಮೇಲೆ ಕಾಂಪೌಂಡ್ ಹತ್ತಿರ ಹೋಗಿ ಪಕ್ಕದ ಮನೆ ಅತ್ತೆಯನ್ನು ಕರೆಯುತ್ತಿದ್ದರು. 'ಓದಿದ್ರಾ? ಅವಳು ಮನೆ ಬಿಟ್ಟು ಹೋದ್ಲಲ್ಲ!' ಆ ಅತ್ತೆ ಆ ಕಾದಂಬರಿ ಓದೋಕೆ ಶುರು ಮಾಡಿದ್ದೇ ಅಮ್ಮ ಹೇಳಿದ್ದರಿಂದ. ಕಥೆ ಎಲ್ಲಿಗೆ ಹೋಗುತ್ತದೆ ಅಂತ ಅಮ್ಮನಿಗೂ ಗೊತ್ತಿರಲಿಲ್ಲ. ನಮ್ಮ ಅಮ್ಮಂದಿರು, ಅಜ್ಜಿಯಂದಿರು ಎಷ್ಟೋ ಕಾದಂಬರಿಗಳನ್ನು ಒಬ್ಬರಿಗೊಬ್ಬರು ದಾಟಿಸಿದ್ದು ಹೀಗೆ, ಮುಗಿಯುವ ಮೊದಲೇ. ಈಗ ಹೇಳಿ, ಅವರಿಗೆಲ್ಲ ಹಕ್ಕಿರಲಿಲ್ವಾ?

ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆ ಗೊತ್ತಲ್ಲ? 1933ರಲ್ಲಿ ಜಿ. ಬಿ. ಜೋಶಿಯವರು ಶುರು ಮಾಡಿದ್ದು. ಅದರ ಚಂದಾದಾರರು ಮೊದಲೇ ದುಡ್ಡು ಕಟ್ಟುತ್ತಿದ್ದರು. ಪುಸ್ತಕ ಆಮೇಲೆ ಮನೆಗೆ ಬರುತ್ತಿತ್ತು. ಅದಕ್ಕೂ ಹಿಂದೆ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಲೆ ಮೇಲೆ ಹೊತ್ತು ಊರೂರು ಸುತ್ತಿ ಮಾರಿದರು. ತಲೆ ಮೇಲೆ! ಕನ್ನಡದ ಪುಸ್ತಕ ತಾನಾಗಿ ಎಲ್ಲಿಗೂ ಹೋಗಿಲ್ಲ. ಯಾರೋ ಹೊತ್ತಿದ್ದಾರೆ, ಯಾರೋ ಬಾಯಲ್ಲಿ ಹೇಳಿದ್ದಾರೆ. ನಾನು ನಿಮ್ಮ ಹತ್ತಿರ ತಲೆ ಮೇಲೆ ಹೊರಿ ಅಂತ ಕೇಳುತ್ತಿಲ್ಲ. ಹೆಸರು ಹೇಳಿ, ಪುಟ ಹೇಳಿ ಅಂತ ಕೇಳುತ್ತಿದ್ದೇನೆ.

ಇಲ್ಲಿ ನನಗೆ ನಿಜವಾಗಿ ಹೊಟ್ಟೆ ಉರಿಯುವ ವಿಷಯ ಒಂದಿದೆ. 2025ರ ಮೇನಲ್ಲಿ ನಮ್ಮ ಕನ್ನಡದ ಕಥೆಗಾರ್ತಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿಯವರು ಮಾಡಿದ ಇಂಗ್ಲಿಷ್ ಅನುವಾದ, 'ಹಾರ್ಟ್ ಲ್ಯಾಂಪ್', ಹನ್ನೆರಡು ಕಥೆ. ಆ ರಾತ್ರಿ ನನ್ನ ಫೋನ್ ತುಂಬ ಅಭಿನಂದನೆ. ಎಲ್ಲರ ಸ್ಟೇಟಸ್‌ನಲ್ಲೂ ಅದೇ ಫೋಟೋ. ಸಂತೋಷ, ನಾನೂ ಕುಣಿದಿದ್ದೇನೆ. ಆದರೆ ಆ ಕಥೆಗಳು 1990ರಿಂದ 2023ರವರೆಗೆ ಕನ್ನಡದಲ್ಲಿ ಬಂದವು. ಮೂವತ್ತು ವರ್ಷಕ್ಕೂ ಜಾಸ್ತಿ ನಮ್ಮ ಪಕ್ಕದಲ್ಲೇ ಇದ್ದವು. ಅಷ್ಟು ವರ್ಷದಲ್ಲಿ ಒಬ್ಬರಾದರೂ ನನಗೆ ಬಂದು, 'ನಾನೀಗ ಇವರ ಒಂದು ಕಥೆಯ ಮಧ್ಯದಲ್ಲಿದ್ದೇನೆ, ಎದೆ ಹಿಂಡಿದ ಹಾಗಾಗ್ತಿದೆ, ನೀನೂ ಓದು' ಅಂದಿದ್ದರೆ? ಯಾರೂ ಅನ್ನಲಿಲ್ಲ. ಓದುತ್ತಿದ್ದವರು ಇದ್ದರು, ಬಾಯಿ ಬಿಡಲಿಲ್ಲ. ಲಂಡನ್ನಿನಿಂದ ಸುದ್ದಿ ಬರುವವರೆಗೆ ಕಾಯಬೇಕಾಯಿತು. ಇದು ನನಗೆ ನೋವು. ಈಗಲೂ ಆ ಕಥೆಗಳನ್ನು ಕನ್ನಡದಲ್ಲೇ ಹುಡುಕಿ ಓದಿ. ಒಂದು ಕಥೆ ಮುಗಿದ ಕೂಡಲೇ ಯಾರಿಗಾದರೂ ಹೇಳಿ. ಪುಸ್ತಕ ಮುಗಿಯುವವರೆಗೆ ಕಾಯಬೇಡಿ!

ಅಂದ ಹಾಗೆ, ಹೊಸಬರು ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ. ನಾವು ದೊಡ್ಡ ಕಂಪನಿ ಅಲ್ಲ, ನಿಮ್ಮಿಂದಲೇ ನಡೆಯುತ್ತಿರುವುದು.

ಸರಿ, ಆಕ್ಷೇಪಣೆಗಳು. ಸ್ಪಾಯ್ಲರ್ ಆಗುತ್ತದೆ ಅಂತ ಒಬ್ಬರು. ಸ್ವಾಮಿ, ಅರ್ಧ ಓದಿದವನಿಗೆ ಕೊನೆಯೇ ಗೊತ್ತಿಲ್ಲ! ಕೊನೆ ಹೇಳಿಬಿಡುವವರು ಪೂರ್ತಿ ಓದಿ ಮುಗಿಸಿದವರು. ಅವರಿಂದ ದೂರ ಇರಿ.

ಮುಂದೆ ಪುಸ್ತಕ ಕೆಟ್ಟುಹೋದರೆ ಅಂತ ಇನ್ನೊಬ್ಬರು. ಕೆಟ್ಟರೆ ಕೆಟ್ಟಿತು ಅನ್ನಿ. ಮುಂದಿನ ವಾರ ಬಂದು, 300ನೇ ಪುಟದಿಂದ ಎಳೆದಿದ್ದಾರೆ, ನಾನು ನಿಲ್ಲಿಸಿದೆ ಅನ್ನಿ. ಅದೂ ನನಗೆ ಬೇಕಾದ ಮಾಹಿತಿಯೇ.

ಮತ್ತೆ, ಇದೆಲ್ಲ ಶೋ ಆಫ್ ಅನ್ನುವವರು. ತಟ್ಟೆಗೆ ಬಿದ್ದ ಬಿರಿಯಾನಿಯ ಫೋಟೋ ಒಂದು ತುತ್ತೂ ಬಾಯಿಗಿಡುವ ಮೊದಲೇ ಹಾಕುತ್ತಾರೆ. ಅದಕ್ಕೆ ನೂರು ಲೈಕು. ಪೂರ್ತಿ ತಿಂದು, ಜೀರ್ಣ ಮಾಡಿಕೊಂಡು, ಆಮೇಲೆ ಹಾಕಿ ಅಂತ ಯಾರೂ ಹೇಳಲ್ಲ. ಪುಸ್ತಕ ಹಿಡಿದು ನಿಂತರೆ ಮಾತ್ರ ಶೋ ಆಫ್ ಆಯ್ತಾ?

ಇನ್ನು ಆ ಪಟ್ಟಿಗಳು. ಸಾಯುವ ಮೊದಲು ಓದಲೇಬೇಕಾದ ಹತ್ತು ಪುಸ್ತಕ. ವರ್ಷ ಬದಲಾಗುತ್ತದೆ, ಪಟ್ಟಿ ಬದಲಾಗಲ್ಲ. ಅದೇ ಹೆಸರು, ಅದೇ ಕ್ರಮ. ದೊಡ್ಡ ಪುಸ್ತಕಗಳೇ, ಅನುಮಾನವಿಲ್ಲ. ಆದರೆ ಆ ಪಟ್ಟಿ ಬರೆದವರು ಅದನ್ನು ಕೊನೆಗೆ ಯಾವಾಗ ಕೈಯಲ್ಲಿ ಹಿಡಿದಿದ್ದರು? ಹತ್ತು ವರ್ಷದ ಹಿಂದೆ ಓದಿದ್ದು ತಣ್ಣಗಾಗಿರುತ್ತದೆ. ನೆನಪಿರುವುದು ಬರೀ ಹೊಗಳಿಕೆ. ನನಗೆ ಹೊಗಳಿಕೆ ಬೇಡ, ಬಿಸಿ ಬೇಕು. ಹಂಚಿನಿಂದ ಎತ್ತಿದ ದೋಸೆ ಬೇಕು!

ಒಂದು ದಿನ ಮೆಟ್ರೋದಲ್ಲಿ ತೇಜಸ್ವಿಯವರ 'ಕರ್ವಾಲೊ' ಓದುತ್ತಿದ್ದೆ. ಎರಡನೇ ಸಲ. ಮೆಜೆಸ್ಟಿಕ್‌ನಲ್ಲಿ ಒಬ್ಬ ಹುಡುಗ ಹತ್ತಿದ, ಕಾಲೇಜು ಬ್ಯಾಗು, ಕಿವಿಗೆ ಇಯರ್‌ಫೋನು. ಪುಸ್ತಕದ ಮುಖಪುಟ ನೋಡಿದ. ಇಯರ್‌ಫೋನ್ ತೆಗೆದು ಕೇಳಿದ, 'ಸರ್, ಮಂದಣ್ಣನ ಮದುವೆ ಆಯ್ತಾ?' ಪುಸ್ತಕ ಹೇಗಿದೆ ಅಂತ ಕೇಳಲಿಲ್ಲ ನೋಡಿ. ಕಾದಂಬರಿಯೊಳಗಿನ ಮಂದಣ್ಣನ ಮದುವೆ ಆಯ್ತಾ ಅಂತ, ಊರಿನ ಯಾರೋ ಗೊತ್ತಿರುವವನ ಸುದ್ದಿ ಕೇಳಿದ ಹಾಗೆ! ಇಬ್ಬರೂ ನಗುತ್ತಾ ಮಾತಾಡುತ್ತಾ ನನ್ನ ಸ್ಟೇಷನ್ ದಾಟಿ ಹೋಯಿತು. ಎದುರು ಕೂತಿದ್ದ ಒಬ್ಬ ಹೆಂಗಸು ಇಳಿಯುವಾಗ ಪುಸ್ತಕದ ಹೆಸರು ಕೇಳಿ ಫೋನಲ್ಲಿ ಬರೆದುಕೊಂಡರು. ಆ ಹುಡುಗ ನಾನು ಮುಗಿಸುವವರೆಗೆ ಕಾದಿದ್ದರೆ ಇದು ಆಗುತ್ತಿತ್ತಾ?

ಇದೇ ನಾನು ಹೇಳುತ್ತಿರುವುದು. ಇದನ್ನೇ! ಓದುತ್ತಿರುವಾಗ ಹೇಳಿ. ಬಸ್ಸಲ್ಲಿ ಹೇಳಿ, ಮದುವೆ ಊಟದ ಪಂಕ್ತಿಯಲ್ಲಿ ಹೇಳಿ, ಮನೆಗೆ ಬಂದವರಿಗೆ ಕಾಫಿ ಕೊಡುವಾಗ ಹೇಳಿ. ಮೂವತ್ತೇ ಪುಟ ಆಗಿದ್ದರೂ ಹೇಳಿ. 'ಮಲೆಗಳಲ್ಲಿ ಮದುಮಗಳು' ಶುರುವಾಗುವ ಮೊದಲೇ ಒಂದು ಮಾತಿದೆ, 'ಇಲ್ಲಿ ಯಾರೂ ಮುಖ್ಯರಲ್ಲ. ಯಾರೂ ಅಮುಖ್ಯರಲ್ಲ' ಅಂತ. ಅದೊಂದನ್ನು ಓದಿದವನೂ ಪುಸ್ತಕ ಎತ್ತಿ ಹಿಡಿದು, ತಗೊಳ್ಳಿ ಅನ್ನಬಹುದು. ಅವನಿಗೂ ಹಕ್ಕಿದೆ. ಖಂಡಿತ ಇದೆ. ಯಾರು ಏನೇ ಹೇಳಲಿ, ಇದೆ!

ಸರಿ, ಈಗ ನಿಮ್ಮ ಸರದಿ. ಈ ಕ್ಷಣ ನಿಮ್ಮ ದಿಂಬಿನ ಪಕ್ಕ, ಬ್ಯಾಗಿನಲ್ಲಿ, ಟಿವಿ ಮೇಲೆ ಯಾವ ಪುಸ್ತಕ ಇದೆಯೋ ಅದರ ಹೆಸರು ಕೆಳಗೆ ಬರೆಯಿರಿ. ಪಕ್ಕದಲ್ಲಿ ಪುಟದ ಸಂಖ್ಯೆ. ವಿಮರ್ಶೆ ಬೇಡ, ನಕ್ಷತ್ರ ಬೇಡ. ಮುಂದಿನ ಭಾನುವಾರ ಅಷ್ಟನ್ನೂ ಇಲ್ಲಿ ಕೂತು ಓದುತ್ತೇನೆ, ಒಂದನ್ನೂ ಬಿಡಲ್ಲ. ಆ ಉತ್ತರ ಬರೆದವರೇ, ನೀವೂ ಬರೆಯಿರಿ. ನಿಮ್ಮದನ್ನೇ ಮೊದಲು ಓದುತ್ತೇನೆ.

ನಾನು ನಿನ್ನೆ ರಾತ್ರಿ 240ಕ್ಕೆ ಬಂದೆ. ನೀವು?