ಪೈಥಾನನ್ನೇ ಕೇಳಿದಿರಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಪ್ರೋಗ್ರಾಮಿಂಗ್ ಕಲಿಯಲು ಹೊರಟವರಲ್ಲಿ ಎಷ್ಟೋ ಜನ ಆ ಕಪ್ಪು ಕಿಟಕಿ ಕಂಡರೆ ಹಿಂಜರಿಯುತ್ತಾರೆ. ವಿಂಡೋಸ್‌ನಲ್ಲಿ ಅದಕ್ಕೆ ಕಮಾಂಡ್ ಪ್ರಾಂಪ್ಟ್ ಅಂತಾರೆ. ಮ್ಯಾಕ್, ಲಿನಕ್ಸ್‌ಗಳಲ್ಲಿ ಟರ್ಮಿನಲ್ ಅಂತಾರೆ. ಬಟನ್ ಇಲ್ಲ, ಮೆನು ಇಲ್ಲ. ಕರ್ಸರ್ ಒಂದೇ ಮಿಣುಕುತ್ತಾ ಇರುತ್ತದೆ. ನೀವೂ ಹಾಗೆ ಹಿಂಜರಿಯುವವರಾದರೆ ಇವತ್ತಿನ ಮಾತು ನಿಮಗೇ.

ಪೈಥಾನ್ ಭಾಷೆಯನ್ನೇ ತೆಗೆದುಕೊಳ್ಳೋಣ. ಗೀಡೊ ವಾನ್ ರಾಸಮ್ ಅದನ್ನು ಮೊದಲು ಹೊರಗೆ ತಂದದ್ದು 1991ರಲ್ಲಿ. ಆಗಿನಿಂದಲೂ ಅದರ ಜೊತೆ ನೇರವಾಗಿ ಮಾತಾಡುವ ದಾರಿ ಇದೆ. ಆ ಕಪ್ಪು ಕಿಟಕಿ ತೆರೆಯಿರಿ. ಪೈಥಾನ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಡದೆ ಪಕ್ಕದಲ್ಲೇ 3 ಹಾಕಿ, ಎಂಟರ್ ಒತ್ತಿ. ವಿಂಡೋಸ್ ಆದರೆ ಪಿ, ವೈ ಎರಡೇ ಅಕ್ಷರ ಸಾಕು. ಆವೃತ್ತಿಯ ಸಂಖ್ಯೆ ಕಾಣುತ್ತದೆ. ಅದರ ಕೆಳಗೆ ಬಾಣದ ಮೊನೆಯಂಥ ಮೂರು ಗುರುತುಗಳು. 'ಕೇಳಿ, ಹೇಳುತ್ತೇನೆ' ಅಂತ ಅದರ ಅರ್ಥ. ಹೀಗೆ ನೀವು ಕೊಟ್ಟ ಸಾಲನ್ನು ಓದಿ ಅಲ್ಲೇ ನಡೆಸಲು ಒಳಗಿರುವುದೇ ಇಂಟರ್‌ಪ್ರಿಟರ್.

2 ಬರೆಯಿರಿ, ಎರಡು ನಕ್ಷತ್ರ ಚಿಹ್ನೆ ಹಾಕಿ, 100 ಬರೆದು ಎಂಟರ್ ಒತ್ತಿ. ಎರಡರ ನೂರನೇ ಘಾತ, 31 ಅಂಕಿಯ ಸಂಖ್ಯೆ, ಕಣ್ಣು ಮಿಟುಕಿಸುವಷ್ಟರಲ್ಲಿ ಎದುರಿಗೆ ಬರುತ್ತದೆ. ಫೈಲ್ ಬೇಡ, ಸೇವ್ ಮಾಡೋದು ಬೇಡ. ಒಂದು ಸಾಲು ಕೊಡಿ, ಒಂದು ಉತ್ತರ ತಗೊಳ್ಳಿ.

ನಾನು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ಊಹೆ ಮಾಡಬೇಡಿ, ಕೇಳಿ. 2.5 ಅನ್ನು ರೌಂಡ್ ಮಾಡಿದರೆ, ಅಂದರೆ ಹತ್ತಿರದ ಪೂರ್ಣಸಂಖ್ಯೆಗೆ ತಂದರೆ, 3 ಬರುತ್ತದೆ ಅಂತ ಅಂದುಕೊಂಡಿದ್ದೀರಿ ಅಲ್ವಾ? ಕೇಳಿ ನೋಡಿ, 2 ಅನ್ನುತ್ತದೆ. 3.5 ಕೊಟ್ಟರೆ 4. ಸರಿಯಾಗಿ ನಡುವೆ ನಿಂತ ಸಂಖ್ಯೆ ಹತ್ತಿರದ ಸಮಸಂಖ್ಯೆಗೆ ಹೋಗಬೇಕು ಅನ್ನೋದು ಪೈಥಾನ್ 3ರ ನಿಯಮ. ಊಹೆ ಮಾಡಿದ್ದರೆ ನಿಮ್ಮ ಲೆಕ್ಕ ಎಲ್ಲೋ ಒಂದು ಕಡೆ ತಪ್ಪುತ್ತಿತ್ತು.

ಇದನ್ನು ನನಗೆ ಕಲಿಸಿದ್ದು ಒಂದು ದಾಳ. ಮರುದಿನದ ಪಾಠಕ್ಕೆ ಅಂತ ದಾಳ ಉರುಳಿಸುವ ಪುಟ್ಟ ಪ್ರೋಗ್ರಾಮ್ ಬರೆಯುತ್ತಿದ್ದೆ. 1ರಿಂದ 6ರ ಒಳಗೆ ಯಾವುದೋ ಒಂದು ಸಂಖ್ಯೆ ಬರಬೇಕು, ಅಷ್ಟೇ. ಅದಕ್ಕೆ ಪೈಥಾನ್ ಜೊತೆಗೇ ಬರುವ ರ‍್ಯಾಂಡಮ್ ಅನ್ನುವ ಮಾಡ್ಯೂಲ್, ಅಂದರೆ ಸಿದ್ಧ ಕೋಡಿನ ಫೈಲ್ ಇದೆ, ಅದರಲ್ಲಿ ಅಂಥ ಸಂಖ್ಯೆ ಕೊಡುವ ರ‍್ಯಾಂಡಿಂಟ್ ಅನ್ನುವ ಫಂಕ್ಷನ್ ಇದೆ. ನಾಲ್ಕು ಸಾಲು ಬರೆದು ಓಡಿಸಿದೆ. 'ರ‍್ಯಾಂಡಮ್‌ನಲ್ಲಿ ರ‍್ಯಾಂಡಿಂಟ್ ಇಲ್ಲ' ಅಂತ ದೋಷ ಬಂತು. ಇಲ್ಲ ಅಂದರೆ? ವರ್ಷಗಟ್ಟಲೆ ಬಳಸಿದ್ದೇನೆ! ಒಂದೊಂದು ಅಕ್ಷರವನ್ನೂ ತಿದ್ದಿ ನೋಡಿದೆ. ಪೈಥಾನನ್ನೇ ತೆಗೆದುಹಾಕಿ ಮತ್ತೆ ಹಾಕಿದೆ. ಅದೇ ನಾಲ್ಕು ಸಾಲನ್ನು ಗೆಳೆಯನಿಗೆ ಕಳಿಸಿದೆ. ಅವನ ಕಂಪ್ಯೂಟರಿನಲ್ಲಿ ದಾಳ ಚೆನ್ನಾಗಿ ಉರುಳಿತು. ರಾತ್ರಿ ಹನ್ನೊಂದಾಯಿತು. ಕೊನೆಗೆ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡು, "ಎಲ್ಲರನ್ನೂ ಕೇಳಿದ್ದೀರಿ. ಪೈಥಾನನ್ನೇ ಕೇಳಿದಿರಾ?" ಅಂದರು.

ಅವರು ಹೇಳಿದಂತೆ ಅದೇ ಫೋಲ್ಡರಿನಿಂದ ಇಂಟರ್‌ಪ್ರಿಟರ್ ತೆರೆದೆ. ಇಂಪೋರ್ಟ್ ರ‍್ಯಾಂಡಮ್ ಅಂತ ಒಂದು ಸಾಲು, ಆ ಮಾಡ್ಯೂಲನ್ನು ತಾ ಅನ್ನಲು. ಆಮೇಲೆ ರ‍್ಯಾಂಡಮ್, ಚುಕ್ಕಿ, ಎರಡು ಅಂಡರ್‌ಸ್ಕೋರ್, ಫೈಲ್, ಮತ್ತೆ ಎರಡು ಅಂಡರ್‌ಸ್ಕೋರ್. 'ಈ ಮಾಡ್ಯೂಲನ್ನು ಎಲ್ಲಿಂದ ತಂದೆ?' ಅಂತ ಕೇಳುವ ರೀತಿ ಅದು. ಉತ್ತರ ಬಂತು: ನನ್ನದೇ ಫೋಲ್ಡರ್! ಹಿಂದಿನ ವಾರ ಅಭ್ಯಾಸಕ್ಕೆ ಬರೆದ ಒಂದು ಫೈಲಿಗೆ ರ‍್ಯಾಂಡಮ್ ಅಂತಲೇ ಹೆಸರಿಟ್ಟಿದ್ದೆ. ಪೈಥಾನ್ ಹೊರಗೆಲ್ಲ ಹುಡುಕುವ ಮೊದಲು ಪ್ರೋಗ್ರಾಮ್ ಇರುವ ಫೋಲ್ಡರಿನಲ್ಲೇ ಹುಡುಕುತ್ತದೆ. ಅಲ್ಲಿ ಆ ಹೆಸರು ಸಿಕ್ಕಿತು, ಅದನ್ನೇ ತಂದಿತು. ಗೆಳೆಯನ ಹತ್ತಿರ ಆ ಫೈಲ್ ಇರಲಿಲ್ಲ. ಹೆಸರು ಬದಲಾಯಿಸಿದೆ, ದಾಳ ಉರುಳಿತು. ಅರ್ಧ ದಿನದ ಒದ್ದಾಟಕ್ಕೆ ಎರಡು ಸಾಲಿನಲ್ಲಿ ಉತ್ತರ ಸಿಕ್ಕಿತ್ತು. 3.13ನೇ ಆವೃತ್ತಿಯಿಂದ ಈಚೆಗೆ ಪೈಥಾನ್ ಇಂಥ ಕಡೆ ತಾನಾಗಿಯೇ 'ಫೈಲಿನ ಹೆಸರು ಬದಲಿಸಿ ನೋಡಿ' ಅಂತ ಸೂಚಿಸುತ್ತದೆ. ಅದನ್ನು ಮೊದಲ ಸಲ ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಸಮಯ ಜಾಸ್ತಿ ಉಳಿದಿಲ್ಲ, ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ಬರೆದಿಟ್ಟ ಫೈಲನ್ನು ಓಡಿಸಲು ಪೈಥಾನ್3 ಅಂತ ಹೊಡೆದು ಜಾಗ ಬಿಟ್ಟು ಫೈಲಿನ ಹೆಸರು ಕೊಡಿ. ಅವೆರಡರ ನಡುವೆ ಅಡ್ಡಗೆರೆ, ಅಂದರೆ ಹೈಫನ್ ಹಾಕಿ ಐ ಅಂತ ಸೇರಿಸಿದರೆ, ಪ್ರೋಗ್ರಾಮ್ ಮುಗಿದ ಮೇಲೂ ಇಂಟರ್‌ಪ್ರಿಟರ್ ಮುಚ್ಚದೆ ಉಳಿಯುತ್ತದೆ. ಆಗ ಯಾವ ಹೆಸರಿನಲ್ಲಿ ಏನಿದೆ ಅಂತ ಕೇಳಬಹುದು. ದೋಷ ಬಂದಾಗ ಉದ್ದದ ಪಟ್ಟಿ ಕಂಡು ಗಾಬರಿಯಾಗಬೇಡಿ. ಕೊನೆಯ ಸಾಲನ್ನು ಮೊದಲು ಓದಿ. ದಯವಿಟ್ಟು ಓದಿ! ಓದದೆಯೇ ಕಿಟಕಿ ಮುಚ್ಚುವವರನ್ನು ತುಂಬಾ ನೋಡಿದ್ದೇನೆ. ಏನಾಗಿದೆ ಅಂತ ಇಂಟರ್‌ಪ್ರಿಟರ್ ಆ ಸಾಲಿನಲ್ಲೇ ಹೇಳಿರುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಪೈಥಾನ್ ಇರುವುದೂ ಉಂಟು. ಈಗ ಓಡುತ್ತಿರುವುದು ಯಾವುದು? ಅದನ್ನೂ ಕೇಳಿ. ಸಿಸ್ ಅನ್ನುವ ಮಾಡ್ಯೂಲನ್ನು ಇಂಪೋರ್ಟ್ ಮಾಡಿ, ಸಿಸ್ ಚುಕ್ಕಿ ಎಕ್ಸಿಕ್ಯೂಟಬಲ್ ಅಂದರೆ ಪೂರ್ತಿ ದಾರಿಯನ್ನೇ ತೋರಿಸುತ್ತದೆ.

ಇನ್ನು ಹೊರಗೆ ಬರುವುದು. ಮ್ಯಾಕ್, ಲಿನಕ್ಸ್‌ನಲ್ಲಿ ಕಂಟ್ರೋಲ್ ಜೊತೆ ಡಿ ಒತ್ತಿ. ವಿಂಡೋಸ್‌ನಲ್ಲಿ ಕಂಟ್ರೋಲ್ ಜೊತೆ ಜೆಡ್, ಆಮೇಲೆ ಎಂಟರ್. ಆದರೆ ಮೊದಲ ದಿನವೇ ಹೊರಡುವ ಅವಸರ ಬೇಡ, ಇನ್ನೂ ನಾಲ್ಕು ಪ್ರಶ್ನೆ ಕೇಳಿ ಬನ್ನಿ. ನಮಸ್ಕಾರ.