ಕುದಿಸದ ಚಹಾ

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆಯ ನಮ್ಮ ಮನೆಯಲ್ಲಿ ಬೆಳಗಿನ ಚಹಾ ಮಾಡುವ ರೀತಿ ನಿಮಗೆಲ್ಲ ಗೊತ್ತಿರುವುದೇ. ನೀರು, ಸಕ್ಕರೆ, ಜಜ್ಜಿದ ಶುಂಠಿ, ಎರಡು ಚಮಚ ಟೀ ಪುಡಿ. ಕಳಕಳ ಕುದಿಯಬೇಕು. ಹಾಲು ಹಾಕಿದ ಮೇಲೆ ಮತ್ತೆ ಎರಡು ಸಲ ಉಕ್ಕಿ ಬರಬೇಕು. ಬಣ್ಣ ಸಾಲದು ಅನ್ನಿಸಿದರೆ ಇನ್ನೊಂದು ಚಿಟಿಕೆ ಪುಡಿ. ಮದುವೆಯಾಗಿ ಬಂದ ದಿನದಿಂದ ನಾನು ಹೀಗೇ ಮಾಡಿದ್ದೇನೆ, ಇವತ್ತು ಬೆಳಿಗ್ಗೆಯೂ ಹೀಗೇ ಮಾಡಿ ಬಂದಿದ್ದೇನೆ. ಅದನ್ನು ಬಿಡಿ ಅಂತ ಯಾರಿಗೂ ಹೇಳುವುದಿಲ್ಲ. ಇವತ್ತು ಮಾತಾಡಬೇಕಿರುವುದು ಮಧ್ಯಾಹ್ನ ಮೂರೂವರೆಗೆ ನಾನು ಕುಡಿಯುವ ಇನ್ನೊಂದು ಚಹಾದ ಬಗ್ಗೆ. ಹಾಲಿಲ್ಲ, ಸಕ್ಕರೆ ಇಲ್ಲ, ಪುಡಿಯೂ ಇಲ್ಲ. ಇಡೀ ಎಲೆಯ ಚಹಾ.

ನನ್ನ ತಂಗಿ ಇರುವುದು ನೀಲಗಿರಿಯ ಕೂನೂರಿನಲ್ಲಿ. ಒಂದು ಸಲ ಊರಿಗೆ ಬಂದಾಗ ನೂರು ಗ್ರಾಂ ಎಲೆ ಚಹಾ ತಂದುಕೊಟ್ಟಳು. ಬಿಚ್ಚಿ ನೋಡಿದರೆ ಒಣಗಿದ ಬಳ್ಳಿಯ ತುಂಡಿನ ಹಾಗೆ ಉದ್ದುದ್ದ, ಕಪ್ಪು, ಸುರುಳಿ ಸುರುಳಿ. ಅವಳು ಹೋದ ಮೇಲೆ ನಾನು ಎಂದಿನಂತೆ ಎರಡು ಚಮಚ ಹಾಕಿ, ಚೆನ್ನಾಗಿ ಕುದಿಸಿ, ಹಾಲು ಹಾಕಿದೆ. ಬಣ್ಣ ಬರಲಿಲ್ಲ. ಇನ್ನೆರಡು ಚಮಚ ಹಾಕಿ ಮತ್ತೆ ಕುದಿಸಿದೆ. ನಾಲಿಗೆ ಒಗರಾಯಿತು, ಗಂಟಲು ಹಿಡಿದ ಹಾಗಾಯಿತು. ಎರಡು ದಿನ ನೋಡಿ ಡಬ್ಬಿಯನ್ನು ಹಿಂದಕ್ಕೆ ಸರಿಸಿದೆ. ಅಲ್ಲೇ ಪಕ್ಕದಲ್ಲಿ ಇಂಗಿನ ಡಬ್ಬಿ ಇತ್ತು. ಆರು ತಿಂಗಳಲ್ಲಿ ಅಷ್ಟೂ ಎಲೆಗೆ ಇಂಗಿನ ವಾಸನೆ ಹಿಡಿಯಿತು. ಯಾರೋ ಬೆಟ್ಟದಲ್ಲಿ ಚಳಿಯಲ್ಲಿ ನಿಂತು ಕೈಯಲ್ಲಿ ಬಿಡಿಸಿದ ಚಿಗುರು ಅದು. ಒಂದು ಕಿಲೋ ಚಹಾ ಆಗಬೇಕಾದರೆ ನಾಲ್ಕೂವರೆ ಕಿಲೋ ಹತ್ತಿರ ಹಸಿ ಎಲೆ ಬೇಕು. ಅದನ್ನು ಹಾಗೆ ಹಾಳುಮಾಡಿದ್ದಕ್ಕೆ ನನಗೆ ಈಗಲೂ ಬೇಸರವಿದೆ.

ಮುಂದಿನ ಬೇಸಿಗೆಯಲ್ಲಿ ತಂಗಿ ಬಂದಾಗ ಹೊಸ ಪೊಟ್ಟಣ ತಂದಿದ್ದಳು. ನಾನು ಪಾತ್ರೆ ಒಲೆಗೆ ಇಡಲು ಹೋದೆ. ಅವಳು ತಡೆದಳು. "ಅಕ್ಕಾ, ಇದನ್ನ ಕುದಿಸಬೇಡ. ಸುಮ್ನೆ ನೆನೆಸು, ಸಾಕು" ಅಂದಳು. ನೀರು ಮಾತ್ರ ಕಾಯಿಸಿ ಒಲೆ ಆರಿಸಿದಳು. ಒಂದು ಸ್ಟೀಲ್ ಚೊಂಬಿಗೆ ಎಲೆ ಹಾಕಿ, ಮೇಲೆ ನೀರು ಸುರಿದು, ತಟ್ಟೆ ಮುಚ್ಚಿದಳು. ಗಡಿಯಾರ ನೋಡಿ ಮೂರು ನಿಮಿಷ. ಆಮೇಲೆ ಸೋಸಿ ಲೋಟಕ್ಕೆ ಬಗ್ಗಿಸಿದಳು. ತಿಳಿಯಾದ ಜೇನಿನ ಬಣ್ಣ. ಮೂಗಿನ ಹತ್ತಿರ ತಂದರೆ ಯಾವುದೋ ಹೂವಿನ ವಾಸನೆ. ಕುಡಿದು ಸ್ವಲ್ಪ ಹೊತ್ತಾದ ಮೇಲೂ ಬಾಯಲ್ಲಿ ಒಂದು ಸಿಹಿ ಉಳಿದಿತ್ತು. ನನ್ನ ಕೈಯಲ್ಲಿ ಒಗರಾದ ಎಲೆಯೇ ಇದು, ಅಲ್ವಾ ಅಂತ ಎರಡೆರಡು ಸಲ ಕೇಳಿದೆ.

ಹಾಗಾದರೆ ನಮ್ಮ ದಿನಬಳಕೆಯ ಪುಡಿಗೂ ಈ ಎಲೆಗೂ ಏನು ವ್ಯತ್ಯಾಸ? ಗಿಡ ಒಂದೇ. ನಾವು ಕುಡಿಯುವ ಸಣ್ಣ ಕಾಳಿನ ಪುಡಿಗೆ ಸಿಟಿಸಿ ಅನ್ನುತ್ತಾರೆ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ಯಂತ್ರದ ಕೆಲಸ ಇದು. ಹಲ್ಲಿರುವ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ, ಹರಿದು, ಉಂಡೆ ಕಟ್ಟುತ್ತಾರೆ. ಚೂರುಚೂರಾದ ಎಲೆ ಬೇಗ ಬಣ್ಣ ಬಿಡುತ್ತದೆ, ಗಟ್ಟಿಯಾಗಿ ಇಳಿಯುತ್ತದೆ. ಹಾಲು, ಸಕ್ಕರೆ, ಶುಂಠಿಯ ಎದುರು ನಿಲ್ಲುವ ಶಕ್ತಿ ಅದಕ್ಕಿದೆ. ಎಲೆ ಚಹಾ ಮಾಡುವಾಗ ಹಾಗೆ ಹರಿಯುವುದಿಲ್ಲ. ಬಾಡಿಸುತ್ತಾರೆ, ಹೊಸಕಿ ಸುರುಳಿ ಮಾಡುತ್ತಾರೆ, ಗಾಳಿಗೆ ಬಿಟ್ಟು ಕಪ್ಪಾಗಲು ಸಮಯ ಕೊಡುತ್ತಾರೆ, ಕೊನೆಗೆ ಬಿಸಿಯಲ್ಲಿ ಒಣಗಿಸುತ್ತಾರೆ. ಪೊಟ್ಟಣದ ಮೇಲೆ ಆರ್ಥೊಡಾಕ್ಸ್ ಅಂತ ಬರೆದಿದ್ದರೆ ಈ ಹಳೆಯ ಕ್ರಮದಲ್ಲಿ ಮಾಡಿದ್ದು ಅಂತ ಅರ್ಥ.

ಹಸಿರು ಚಹಾ ಬೇರೆ ಗಿಡದ್ದು ಅಂತ ತುಂಬ ಜನ ತಿಳಿದಿದ್ದಾರೆ. ಅದೂ ಇದೇ ಗಿಡದ್ದು. ಕಿತ್ತ ಎಲೆಯನ್ನು ತಡಮಾಡದೆ ಹಬೆಯಲ್ಲೋ ಬಾಣಲೆಯಲ್ಲೋ ಬಿಸಿ ಮಾಡಿದರೆ ಅದು ಕಪ್ಪಾಗುವುದು ನಿಲ್ಲುತ್ತದೆ, ಹಸಿರು ಉಳಿಯುತ್ತದೆ. ಹೆಚ್ಚಿದ ಬದನೆಕಾಯಿ ಹಾಗೇ ಬಿಟ್ಟರೆ ಕಪ್ಪಾಗುತ್ತದೆ, ಬಿಸಿ ತಗುಲಿಸಿಬಿಟ್ಟರೆ ಆಗುವುದಿಲ್ಲ, ಹಾಗೆ. ಅರ್ಧ ಕಪ್ಪಾಗಿಸಿ ನಿಲ್ಲಿಸಿದ್ದು ಊಲಾಂಗ್. ಎಳೆ ಮೊಗ್ಗನ್ನು ಹೊಸಕದೆ ಒಣಗಿಸಿದ್ದು ಬಿಳಿ ಚಹಾ. ಈ ಎರಡನ್ನು ಆಮೇಲೆ ನೋಡಿಕೊಳ್ಳಬಹುದು. ಶುರುವಿನಲ್ಲೇ ಅಷ್ಟು ದುಡ್ಡು ಹಾಕುವುದು ಬೇಡ.

ಯಾವುದರಿಂದ ಶುರು ಮಾಡಬೇಕು ಅಂತ ಕೇಳಿದರೆ ನಾನು ಹೇಳುವುದು ನೀಲಗಿರಿಯ ಕಪ್ಪು ಎಲೆ ಚಹಾ. ಒಗರು ಕಮ್ಮಿ, ಪರಿಮಳ ಚೆನ್ನಾಗಿರುತ್ತದೆ, ಒಂದು ನಿಮಿಷ ಹೆಚ್ಚು ನೆನೆದರೂ ಬಾಯಿ ಕಟ್ಟುವಷ್ಟು ಕಹಿಯಾಗುವುದಿಲ್ಲ. ಕೈ ಪಳಗುವವರೆಗೆ ಅಂಥದ್ದೇ ಬೇಕು. ಡಿಸೆಂಬರ್‌, ಜನವರಿಯ ಚಳಿಯಲ್ಲಿ ಬಿಡಿಸಿದ ಎಲೆ ಸಿಕ್ಕರಂತೂ ಬಿಡಬೇಡಿ. ಡಾರ್ಜಿಲಿಂಗ್‌ನ ಹೆಸರು ದೊಡ್ಡದು. 2004ರಲ್ಲಿ ನಮ್ಮ ದೇಶದ ಮೊದಲ ಜಿಐ ಟ್ಯಾಗ್, ಅಂದರೆ ಇಂಥ ಜಾಗದ್ದೇ ಅಂತ ಹೇಳುವ ಅಧಿಕೃತ ಗುರುತು, ಸಿಕ್ಕಿದ್ದು ಅದಕ್ಕೇ. ಮಾರ್ಚ್, ಏಪ್ರಿಲ್‌ನ ಮೊದಲ ಚಿಗುರು ತೆಳು, ನಾಜೂಕು. ಮೇ, ಜೂನ್‌ನ ಎರಡನೇ ಚಿಗುರಿಗೆ ಹಣ್ಣಿನ ರುಚಿ ಬಂದಿರುತ್ತದೆ. ಹಾಲಿನ ಚಹಾ ಕುಡಿದು ಬೆಳೆದ ನಮ್ಮ ನಾಲಿಗೆಗೆ ಎರಡನೆಯದು ಬೇಗ ಹಿಡಿಸುತ್ತದೆ ಅನ್ನುವುದು ನನ್ನ ಅನುಭವ. ಮೊದಲ ಚಿಗುರು ಕುಡಿದ ದಿನ ನನಗೆ ಬರೀ ಬಿಸಿನೀರು ಕುಡಿದ ಹಾಗಾಗಿತ್ತು. ಈಗ ಅದರ ರುಚಿ ಗೊತ್ತಾಗುತ್ತದೆ. ನಾಲಿಗೆಗೂ ಸ್ವಲ್ಪ ದಿನ ಬೇಕು.

ದೂರ ಯಾಕೆ ಹೋಗಬೇಕು, ಕಾಫಿಗೆ ಹೆಸರಾದ ನಮ್ಮ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲೂ ಚಹಾ ತೋಟ ಇದೆ. ಆ ಕಡೆ ಹೋದವರು ನಿಂತು ನೋಡಿ ಬನ್ನಿ.

ಕೊಳ್ಳುವಾಗ ಪೊಟ್ಟಣದ ಮೇಲೆ ಇಂಗ್ಲಿಷ್ ಅಕ್ಷರಗಳ ಸಾಲು ಇರುತ್ತದೆ. ಓಪಿ, ಬಿಓಪಿ, ಎಫ್‌ಟಿಜಿಎಫ್‌ಓಪಿ ಅಂತೆಲ್ಲ. ಓಪಿ ಅಂದರೆ ಆರೆಂಜ್ ಪೆಕೊ. ಕಿತ್ತಳೆ ಹಣ್ಣಿಗೂ ಅದಕ್ಕೂ ಸಂಬಂಧವಿಲ್ಲ, ಅದು ಎಲೆಯ ಗಾತ್ರದ ಹೆಸರು. ಮುಂದೆ ಬಿ ಇದ್ದರೆ ಎಲೆ ತುಂಡಾಗಿದೆ ಅಂತ, ಅದು ಬೇಗ ಇಳಿಯುತ್ತದೆ. ಅಕ್ಷರ ಉದ್ದವಾದಷ್ಟೂ ಚಿಗುರು ಜಾಸ್ತಿ, ಬೆಲೆಯೂ ಜಾಸ್ತಿ. ಆದರೆ ರುಚಿಗೆ ಅದೊಂದೇ ಗ್ಯಾರಂಟಿ ಅಂದುಕೊಳ್ಳಬೇಡಿ. ನಾನು ಅಕ್ಷರಕ್ಕಿಂತ ಮೊದಲು ನೋಡುವುದು ಪ್ಯಾಕ್ ಮಾಡಿದ ತಿಂಗಳು ಮತ್ತು ತೋಟದ ಹೆಸರು. ಎರಡೂ ಬರೆದಿದ್ದರೆ ಒಳ್ಳೆಯದು. ಐವತ್ತು ಗ್ರಾಂಗಿಂತ ಹೆಚ್ಚು ತರಬೇಡಿ. ಒಂದು ಲೋಟಕ್ಕೆ ಎರಡು ಗ್ರಾಂ ಹಿಡಿದರೆ ಇಪ್ಪತ್ತೈದು ಲೋಟ ಆಗುತ್ತದೆ. ಪೊಟ್ಟಣದ ಬೆಲೆ ನೋಡಿ ದುಬಾರಿ ಅನ್ನಿಸಿದ್ದು, ಲೋಟದ ಲೆಕ್ಕ ಹಾಕಿದರೆ ಎಷ್ಟೋ ಸಲ ಹಾಗೆ ಕಾಣುವುದಿಲ್ಲ.

ಈಗ ನೀರಿನ ಮಾತು. ಇದನ್ನು ನಾನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಚಹಾ ಕೆಡುವುದು ಇಲ್ಲೇ.

ನನ್ನ ತವರು ಜಗಳೂರು ತಾಲ್ಲೂಕು. ಅಲ್ಲಿನ ಬೋರಿನ ನೀರಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣದ ಹಾಗೆ ಬಿಳಿ ಕಟ್ಟುತ್ತದೆ. ಚಳ್ಳಕೆರೆ, ಹಿರಿಯೂರಿನ ಕಡೆಯವರಿಗೂ ಇದು ಗೊತ್ತು. ಗಡಸು ನೀರು. ಅದರಲ್ಲಿ ಎಲೆ ನೆನೆಸಿದರೆ ಲೋಟದ ಮೇಲೆ ತೆಳುವಾದ ಕೆನೆಯಂಥ ಪೊರೆ ಕಟ್ಟುತ್ತದೆ. ನೀರಿನಲ್ಲಿರುವ ಸುಣ್ಣದ ಅಂಶ ಚಹಾದ ಒಗರಿನ ಜೊತೆ ಸೇರಿ ಆಗುವುದು ಅದು. ಬಣ್ಣ ಮಂಕಾಗುತ್ತದೆ, ಪರಿಮಳ ಏಳುವುದೇ ಇಲ್ಲ. ಹಾಲು ಹಾಕಿದ ಚಹಾದಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ, ಎಲೆ ಚಹಾದಲ್ಲಿ ಮುಚ್ಚುವುದಿಲ್ಲ. ಅಂಥ ಊರಿನವರು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತರುವ ನೀರಲ್ಲೇ ಮಾಡಿ. ದಾವಣಗೆರೆ ನಗರದಲ್ಲಿ ನಲ್ಲಿಗೆ ಬರುವುದು ತುಂಗಭದ್ರೆಯ, ಭದ್ರಾ ನಾಲೆಯ ನೀರು. ಸೋಸಿಕೊಂಡರೆ ಸಾಕು. ಮಳೆನೀರು ಹಿಡಿದಿಡುವ ಮನೆಯವರಿದ್ದರೆ, ಸೋಸಿ ಕಾಯಿಸಿದ ಆ ನೀರಲ್ಲಿ ಒಮ್ಮೆ ಮಾಡಿ ನೋಡಿ. ಅಷ್ಟು ಚೆಂದದ ಚಹಾ ನಾನು ಕುಡಿದಿದ್ದು ಕಮ್ಮಿ.

ನೀರಿನ ಬಿಸಿಗೆ ಥರ್ಮಾಮೀಟರ್ ಬೇಡ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಕಪ್ಪು ಎಲೆಗೆ ಆ ಬಿಸಿ ಸರಿ. ಕುದಿ ಬಂತು, ಒಲೆ ಆರಿಸಿದಿರಿ, ಗುಳ್ಳೆ ಅಡಗಿತು, ಸುರಿದಿರಿ. ಡಾರ್ಜಿಲಿಂಗ್‌ನ ಮೊದಲ ಚಿಗುರಿಗೆ ಒಂದೆರಡು ನಿಮಿಷ ಆರಲು ಬಿಡಿ. ಹಸಿರು ಚಹಾಕ್ಕೆ ಮಾತ್ರ 75, 80 ಡಿಗ್ರಿ ಸಾಕು. ಕುದಿಯುವ ನೀರನ್ನು ಒಂದು ತಣ್ಣನೆಯ ಚೊಂಬಿಗೆ, ಅಲ್ಲಿಂದ ಇನ್ನೊಂದಕ್ಕೆ ಬಗ್ಗಿಸಿ, ಎರಡು ಮೂರು ನಿಮಿಷ ಬಿಟ್ಟರೆ ಸರಿಸುಮಾರು ಅಷ್ಟಕ್ಕೆ ಇಳಿಯುತ್ತದೆ. ಹಸಿರು ಚಹಾ ಕಹಿ, ಔಷಧಿ ಕುಡಿದ ಹಾಗೆ ಅಂತ ಮೂಗು ಮುಚ್ಚಿ ಕುಡಿಯುವವರನ್ನು ನೋಡಿದ್ದೇನೆ. ಬಹಳ ಸಲ ಆ ಕಹಿ ಬಂದಿರುವುದು ಕುದಿಯುವ ನೀರಿನಿಂದ. ನೀರು ಸುಡುವಷ್ಟಿದ್ದರೆ ಒಗರು, ಕಹಿ ಎರಡೂ ಒಟ್ಟಿಗೇ ಇಳಿದುಬಿಡುತ್ತವೆ. ಬಿಸಿ ಕಮ್ಮಿಯಾದರೆ ಸಿಹಿ ಮುಂದೆ ಬರುತ್ತದೆ. ತೂಕ ಇಳಿಸಲು ಅಂತ ಕಷ್ಟಪಟ್ಟು ಕುಡಿಯುವ ಬದಲು ಒಂದು ದಿನ ರುಚಿಗೆ ಅಂತ ಮಾಡಿ ಕುಡಿಯಿರಿ.

ಸಮಯದ ವಿಷಯ ನಾನು ಹೇಳುವುದಕ್ಕಿಂತ ನೀವೇ ಕಂಡುಕೊಂಡರೆ ಚೆನ್ನ. ಒಂದು ಭಾನುವಾರ ಮೂರು ಲೋಟ ಇಟ್ಟುಕೊಳ್ಳಿ. ಮೂರಕ್ಕೂ ಒಂದೊಂದು ಚಮಚ ಎಲೆ. ಎಲೆ ದೊಡ್ಡದಿದ್ದರೆ ಚಮಚದಲ್ಲಿ ಕಮ್ಮಿ ಹಿಡಿಯುತ್ತದೆ, ಆಗ ಒಂದೂವರೆ. ಒಂದೇ ಬಿಸಿಯ ನೀರು, ಒಂದೊಂದು ಲೋಟಕ್ಕೂ ಕಾಲು ಲೀಟರಿಗಿಂತ ಕಮ್ಮಿ. ಮೂರಕ್ಕೂ ತಟ್ಟೆ ಮುಚ್ಚಿ. ಮೊದಲನೆಯದನ್ನು ಒಂದೂವರೆ ನಿಮಿಷಕ್ಕೆ ಸೋಸಿ, ಎರಡನೆಯದನ್ನು ಮೂರಕ್ಕೆ, ಮೂರನೆಯದನ್ನು ಆರಕ್ಕೆ. ಮನೆಯವರನ್ನೆಲ್ಲ ಕೂರಿಸಿಕೊಂಡು ಮೂರನ್ನೂ ಒಂದೊಂದು ಗುಟುಕು ಕುಡಿಯಿರಿ. ನಮ್ಮ ಮನೆಯಲ್ಲಿ ನನಗೆ ಮೂರು ನಿಮಿಷದ್ದು ಇಷ್ಟವಾಯಿತು, ಯಜಮಾನರಿಗೆ ಆರು ನಿಮಿಷದ್ದು. ಅವರಿಗೆ ಚಹಾ ಅಂದರೆ ಗಂಟಲಿಗೆ ಸ್ವಲ್ಪ ಹಿಡಿಯಬೇಕು. ಹಾಗಾಗಿ ಈಗ ಎರಡು ಚೊಂಬು.

ಪಾತ್ರೆಗೆ ಅಂತ ಖರ್ಚು ಮಾಡಬೇಡಿ. ಚೊಂಬು, ತಟ್ಟೆ, ಸೋಸುವ ಜಾಲರಿ ಎಲ್ಲರ ಮನೆಯಲ್ಲೂ ಇದೆ. ಅಂಗಡಿಯಲ್ಲಿ ಸಿಗುವ, ಸರಪಳಿ ಕಟ್ಟಿದ ಸಣ್ಣ ತೂತಿನ ಉಂಡೆ ಇದೆಯಲ್ಲ, ಅದು ನನಗೆ ಹಿಡಿಸಲಿಲ್ಲ. ಅದರೊಳಗೆ ಎಲೆಗೆ ಅರಳಲು ಜಾಗ ಸಿಗುವುದಿಲ್ಲ. ಚೊಂಬಿನಲ್ಲಿ ಬಿಡಿಯಾಗಿ ಬಿಟ್ಟಾಗ ನೋಡಬೇಕು. ಕಡ್ಡಿಯಂತಿದ್ದ ಸುರುಳಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತಾ ಇಡೀ ಎಲೆಯಾಗುತ್ತದೆ. ಒಳ್ಳೆಯ ಪೊಟ್ಟಣವಾದರೆ ಎರಡು ಎಲೆ, ನಡುವೆ ಒಂದು ಮೊಗ್ಗು, ಗಿಡದಲ್ಲಿದ್ದ ಹಾಗೇ ಸಿಗುತ್ತದೆ. ಮೊದಲ ಸಲ ಕಂಡಾಗ ಅದನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದೆ.

ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಇಡಿ, ಒಲೆಯಿಂದ, ಬಿಸಿಲಿನಿಂದ ದೂರ. ಮಸಾಲೆ ಡಬ್ಬಿಯ ಹತ್ತಿರವಂತೂ ಬೇಡವೇ ಬೇಡ. ನನ್ನ ಇಂಗಿನ ಕಥೆ ಕೇಳಿದಿರಲ್ಲ.

ಇನ್ನು ಯಾವಾಗ ಕುಡಿಯಬೇಕು. ಸಂಜೆ ಮಂಡಕ್ಕಿ, ಮಿರ್ಚಿ ಜೊತೆ ನಮಗೆ ಬೇಕಿರುವುದು ಹಾಲಿನ ಚಹಾನೇ. ಆ ಖಾರದ ಮುಂದೆ ಎಲೆ ಚಹಾದ ಪರಿಮಳ ಗೊತ್ತಾಗುವುದಿಲ್ಲ. ಊಟದ ಜೊತೆಯೂ ಬೇಡ. ಚಹಾದ ಒಗರು ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದನ್ನು ಕಮ್ಮಿ ಮಾಡುತ್ತದೆ. ರಕ್ತ ಕಮ್ಮಿ ಇರುವ ಹೆಣ್ಣುಮಕ್ಕಳು, ಬಸುರಿಯರು ಇದನ್ನು ಖಂಡಿತ ನೆನಪಿಡಬೇಕು. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಇರಲಿ. ಹಾಲಿನ ಚಹಾಕ್ಕೂ ಈ ಮಾತು ಸಲ್ಲುತ್ತದೆ. ನಿದ್ದೆ ಬರುವುದಿಲ್ಲ ಅನ್ನುವವರು ಸಂಜೆ ಐದರ ಮೇಲೆ ಮುಟ್ಟದಿದ್ದರೆ ಒಳ್ಳೆಯದು.

ನಾನು ಮೂರೂವರೆಗೆ ಕೂರುತ್ತೇನೆ. ಆ ಹೊತ್ತಿಗೆ ಪಾತ್ರೆ ತೊಳೆದಾಗಿರುತ್ತದೆ, ಬೀದಿಯಲ್ಲಿ ಸದ್ದು ಕಮ್ಮಿ. ಮೊದಲ ಲೋಟ ಮುಗಿದ ಮೇಲೆ ಎಲೆ ಚೆಲ್ಲುವುದಿಲ್ಲ. ಅದೇ ಚೊಂಬಿಗೆ ಮತ್ತೊಮ್ಮೆ ಬಿಸಿನೀರು ಹಾಕಿ, ಈ ಸಲ ಒಂದೆರಡು ನಿಮಿಷ ಜಾಸ್ತಿ ಬಿಡುತ್ತೇನೆ. ಎರಡನೇ ಲೋಟ ಮೊದಲನೆಯದಕ್ಕಿಂತ ಮೆತ್ತಗಿರುತ್ತದೆ, ಒಮ್ಮೊಮ್ಮೆ ಹೆಚ್ಚು ಸಿಹಿಯಾಗಿರುತ್ತದೆ. ಪಕ್ಕದ ಮನೆಯವರು ಬಂದರೆ ಅವರಿಗೊಂದು ಲೋಟ. ಆಮೇಲೆ ಅರಳಿದ ಎಲೆಯನ್ನು ದಾಸವಾಳದ ಬುಡಕ್ಕೆ ಹಾಕಿ ಬರುತ್ತೇನೆ.

ನಮಸ್ಕಾರ.